ಬರೋಕೆ ಮುಂಚೆ ಕಲ್ತಿರ್ಬೇಕಿತ್ತು

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ನನಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂದುಬಿಡುತ್ತದೆ. ವರ್ಷವಿಡೀ 'ಹೇಗಿದ್ದೀಯೋ' ಅಂತ ಕೇಳದ ನೆಂಟರೆಲ್ಲ ಫೋನ್ ಮಾಡುತ್ತಾರೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನಿಮ್ಮೆಲ್ಲರ ಪಾಡೂ ಇದೇ ಇರಬೇಕು. ಈ ಸಲ ಮೊದಲ ಫೋನು ಅರಸೀಕೆರೆ ಕಡೆಯಿಂದ, ದೊಡ್ಡಮ್ಮನ ಮಗಳದ್ದು.

"ನಮ್ಮ ಹುಡುಗನಿಗೆ ಕಂಪ್ಯೂಟರ್ ಸೈನ್ಸ್ ಸಿಕ್ತು ಕಣೋ."

"ಒಳ್ಳೇದಾಯ್ತಲ್ಲಕ್ಕ."

"ಒಳ್ಳೇದೇ. ಆದ್ರೆ ಯಾವುದೋ ಇನ್‌ಸ್ಟಿಟ್ಯೂಟಿನೋರು ಫೋನ್ ಮಾಡಿದ್ರು. ಕಾಲೇಜು ಶುರುವಾಗೋಕೆ ಮುಂಚೆ ಪೈಥಾನು, ಜಾವಾ, ಎಐ ಎಲ್ಲಾ ಕಲ್ತಿರ್ಬೇಕಂತೆ. ಇಲ್ದಿದ್ರೆ ಫಸ್ಟ್ ಸೆಮ್ಮಲ್ಲೇ ಹಿಂದೆ ಬೀಳ್ತಾರಂತೆ. 45 ದಿನದ ಕೋರ್ಸು, 28 ಸಾವಿರ. ಇವತ್ತೇ ಕಟ್ಟಿದ್ರೆ 3 ಸಾವಿರ ಕಡಿಮೆ ಮಾಡ್ತಾರಂತೆ. ಒಂದು ಹಸು ಮಾರ್ಬಿಡೋಣ ಅಂತಿದಾರೆ ನಿಮ್ಮ ಭಾವ."

ಇಲ್ಲಿಗೆ ನನ್ನ ತಲೆ ಕೆಟ್ಟಿತು. "ಅಕ್ಕ, ಒಂದು ರೂಪಾಯಿನೂ ಕಟ್ಬೇಡ. ಫೋನ್ ಹುಡುಗನ ಕೈಗೆ ಕೊಡು" ಅಂದೆ. ಅವನಿಗೆ ಏನು ಹೇಳಿದೆ ಅನ್ನೋದನ್ನ ಆಮೇಲೆ ಬರೀತೀನಿ. ಅದಕ್ಕೆ ಮುಂಚೆ ನನ್ನದೊಂದು ಹಳೇ ಸಿಟ್ಟಿದೆ. ಇಪ್ಪತ್ತು ವರ್ಷದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ, ಇವತ್ತು ಕಾರಿಕೊಳ್ಳುತ್ತೇನೆ.

2004. ವಿಟಿಯು ಅಡಿಯ ಒಂದು ಖಾಸಗಿ ಕಾಲೇಜು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಪಿಸಿಎಂಬಿ. ನಮ್ಮೂರಿನ ಸರ್ಕಾರಿ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಕಾಂಬಿನೇಷನ್ನೇ ಇರಲಿಲ್ಲ. ಬೇಕು ಅಂದಿದ್ದರೂ ಸಿಗುತ್ತಿರಲಿಲ್ಲ. ಸಿ ಪ್ರೋಗ್ರಾಮಿಂಗಿನ ಮೊದಲ ಕ್ಲಾಸಿಗೆ ಬಂದ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಪಿಯುಸಿಲಿ ಕಂಪ್ಯೂಟರ್ ಸೈನ್ಸ್ ಓದಿದೋರು ಕೈ ಎತ್ತಿ." ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಅವರೆಲ್ಲ ಆಗಲೇ ಸಿ ಪ್ಲಸ್ ಪ್ಲಸ್ ಕಲಿತು ಬಂದವರು. ಮೇಷ್ಟ್ರಿಗೆ ಖುಷಿಯಾಯಿತು. "ಹಾಗಾದ್ರೆ ಬೇಸಿಕ್ಸ್ ಬಿಟ್ಟು ಮುಂದೆ ಹೋಗೋಣ. ಉಳಿದೋರು ಫ್ರೆಂಡ್ಸ್ ಹತ್ರ ಕೇಳ್ಕೊಳ್ಳಿ."

ಉಳಿದವರಲ್ಲಿ ನಾನೊಬ್ಬ. ನನ್ನ ರೂಮ್‌ಮೇಟ್ ಇನ್ನೊಬ್ಬ. ಅವನು ಸಿಂಧನೂರು ಕಡೆಯವನು. ಗಣಿತದಲ್ಲಿ ರಾಕ್ಷಸ. ನಾವು ಎರಡು ಪುಟ ತುಂಬಿಸುತ್ತಿದ್ದ ಇಂಟಿಗ್ರೇಷನ್ನನ್ನು ಅವನು ಚಹಾ ಕುಡಿಯುತ್ತಾ ಬಾಯಲ್ಲೇ ಬಿಡಿಸುತ್ತಿದ್ದ. ಎರಡನೇ ವಾರವೋ ಮೂರನೇ ವಾರವೋ, ಬೋರ್ಡಿನ ಮೇಲೆ 'ಎಕ್ಸ್ ಈಕ್ವಲ್ ಟು ಎಕ್ಸ್ ಪ್ಲಸ್ ಒನ್' ಅಂತ ಬಿತ್ತು. ಇವನು ಎದ್ದು ನಿಂತ.

"ಸರ್, ಇದು ಹೇಗೆ ಸರಿ ಆಗುತ್ತೆ? ಎರಡೂ ಕಡೆ ಎಕ್ಸ್ ಕಳೆದ್ರೆ ಸೊನ್ನೆಗೆ ಒಂದು ಸಮ ಅಂತ ಆಗುತ್ತಲ್ಲ?"

ಕ್ಲಾಸ್ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನನಗೂ ಅರ್ಥವಾಗಿರಲಿಲ್ಲ, ಆದರೂ ನಕ್ಕೆ. ಮೇಷ್ಟ್ರು ನಗಲಿಲ್ಲ. ಅವರು ಹೇಳಿದ್ದು ಇಷ್ಟು: "ಇಷ್ಟೂ ಗೊತ್ತಿಲ್ವಾ? ಇದನ್ನೆಲ್ಲ ಬರೋಕೆ ಮುಂಚೆ ಕಲ್ತಿರ್ಬೇಕಿತ್ತು."

ಅವತ್ತಿನ ಮೇಲೆ ಅವನು ಆ ಕ್ಲಾಸಲ್ಲಿ ಬಾಯಿ ಬಿಡಲಿಲ್ಲ.

ಈಗ ನೋಡಿದರೆ, ಆ ಸೆಮಿಸ್ಟರಿನಲ್ಲಿ ಯಾರಾದರೂ ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ. ಗಣಿತ ಗೊತ್ತಿರುವವನಿಗೆ ಮಾತ್ರ ಬರುವ ಪ್ರಶ್ನೆ. ಭಾಷೆಗಳನ್ನು ಕಟ್ಟಿದ ಘಟಾನುಘಟಿಗಳೂ ಈ ಗೊಂದಲಕ್ಕೆ ತಲೆ ಕೆಡಿಸಿಕೊಂಡವರೇ. ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪ್ಯಾಸ್ಕಲ್ ಭಾಷೆಯಲ್ಲಿ ಬೆಲೆ ತುಂಬುವುದಕ್ಕೆ ಬರೀ ಸಮ ಚಿಹ್ನೆ ಬಳಸುವುದಿಲ್ಲ, ಅದರ ಹಿಂದೆ ಎರಡು ಚುಕ್ಕಿಯ ಕೋಲನ್ ಹಾಕುತ್ತಾರೆ. ಅದಕ್ಕೂ ಹಿಂದಿನ ಆಲ್ಗಾಲ್‌ನಲ್ಲೂ ಹಾಗೇ. ಯಾಕೆಂದರೆ 'ಇದೂ ಅದೂ ಸಮ' ಅನ್ನುವುದು ಬೇರೆ, 'ಇದರೊಳಗೆ ಅದನ್ನು ಹಾಕು' ಅನ್ನುವುದು ಬೇರೆ. ಸಿ ಭಾಷೆ ಆ ಕೋಲನ್ನನ್ನು ಕೈಬಿಟ್ಟಿತು, ಅಷ್ಟೇ.

ಉತ್ತರ ಹೇಳೋದಕ್ಕೆ ಒಂದು ನಿಮಿಷ ಸಾಕಿತ್ತು. 'ಎಕ್ಸ್ ಅನ್ನೋದು ನಿಮ್ಮಮ್ಮ ದುಡ್ಡು ಬಚ್ಚಿಡೋ ಸಾಸಿವೆ ಡಬ್ಬಿ. ಅದರೊಳಗೆ ಇರೋದನ್ನ ತೆಗಿ, ಒಂದು ರೂಪಾಯಿ ಸೇರಿಸು, ಮತ್ತೆ ಅದೇ ಡಬ್ಬಿಗೆ ಹಾಕು. ಬೋರ್ಡಿನ ಮೇಲೆ ಇರೋದು ಸಮೀಕರಣ ಅಲ್ಲ, ಆಜ್ಞೆ.' ಮುಗೀತು. ಆ ಒಂದು ನಿಮಿಷ ಕೊಡಲಿಲ್ಲ. ಬದಲಿಗೆ ಅವನಿಗೆ 'ನೀನು ತಡವಾಗಿ ಬಂದವನು' ಅಂತ ಹೇಳಿ ಕೂರಿಸಿದರು.

ಲ್ಯಾಬಿನ ಕಥೆ ಇನ್ನೂ ಚೆಂದ. ಇಬ್ಬರಿಗೆ ಒಂದು ಕಂಪ್ಯೂಟರು. ಕೀಬೋರ್ಡ್ ಯಾವಾಗಲೂ ಬಲ್ಲವನ ಕೈಯಲ್ಲಿ. ಬಾರದವನು ಪಕ್ಕದ ಕುರ್ಚಿಯಲ್ಲಿ ಕೂತು ಟರ್ಬೋ ಸಿ ನೀಲಿ ಪರದೆಯನ್ನು ಟೀವಿ ನೋಡಿದ ಹಾಗೆ ನೋಡುವುದು. ಬಲ್ಲವನು ಇನ್ನಷ್ಟು ಬಲ್ಲವನಾದ, ಬಾರದವನು ರೆಕಾರ್ಡ್ ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಪ್ರೋಗ್ರಾಮ್ ನಕಲು ಮಾಡಿದ. ಪರೀಕ್ಷೆಗೆ ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮ್ ಬರೆಯಬೇಕು. ಪಟ್ಟಿ ಮೊದಲೇ ಗೊತ್ತು. ಅಷ್ಟನ್ನೂ ನಾವು ಮಗ್ಗಿಯಂತೆ ಬಾಯಿಪಾಠ ಹೊಡೆದೆವು. ನನ್ನ ಗೆಳೆಯನೂ ಹೊಡೆದ. ಎಲ್ಲೋ ಒಂದು ಸೆಮಿಕೋಲನ್ ತಪ್ಪಿತು, ಪರದೆ ತುಂಬಾ ಎರರ್. ಅದನ್ನು ಓದಬಹುದು, ಓದಿದರೆ ಯಾವ ಸಾಲು ಅಂತ ಅದೇ ಹೇಳುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆವರುತ್ತಾ ಹೊರಗೆ ಬಂದ. "ನನ್ನ ತಲ್ಯಾಗ ಇದು ಹೋಗಂಗಿಲ್ಲ ಬಿಡಲೇ" ಅಂದ. ಎರಡನೇ ವರ್ಷಕ್ಕೆ ಸಿವಿಲ್‌ಗೆ ಬದಲಾಯಿಸಿಕೊಂಡ. ಆಗ ಅಲ್ಲಿ ಸೀಟುಗಳು ಖಾಲಿ ಬಿದ್ದಿರುತ್ತಿದ್ದವು.

ಹೋದ ವರ್ಷ ಅವನೊಂದು ಎಕ್ಸೆಲ್ ಫೈಲ್ ಕಳಿಸಿದ್ದ. ಕಾಂಟ್ರಾಕ್ಟ್ ಕೆಲಸದ ಎಸ್ಟಿಮೇಟು. "ಇದ್ರಾಗ ಏನರ ತಪ್ಪೈತೇನು ನೋಡಲೇ." ತೆರೆದು ನೋಡಿದರೆ ಒಂದೊಂದು ಸೆಲ್ಲಿನಲ್ಲೂ 'ಇಫ್' ಒಳಗೆ 'ಇಫ್', ಅದರೊಳಗೆ ಇನ್ನೊಂದು 'ಇಫ್'. ಕಬ್ಬಿಣದ ರೇಟು ಬದಲಾದರೆ ಹದಿನೈದು ಹಾಳೆಗಳ ಲೆಕ್ಕ ತಾನಾಗಿ ಬದಲಾಗುತ್ತದೆ. ಯಾರೂ ಕಲಿಸದೆ ಒಬ್ಬನೇ ಕಟ್ಟಿಕೊಂಡಿದ್ದಾನೆ. ನೋಡುತ್ತಾ ಕೂತೆ. ಇವನ ತಲೆಯೊಳಗೆ ಪ್ರೋಗ್ರಾಮಿಂಗ್ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿದವರು ಯಾರು? ಯಾವ ಪರೀಕ್ಷೆಯಲ್ಲಿ?

ನನ್ನ ಜಗಳ ಇರುವುದು ಆ ಒಂದು ವಾಕ್ಯದ ಜೊತೆ. 'ಬರೋಕೆ ಮುಂಚೆ ಕಲ್ತಿರ್ಬೇಕಿತ್ತು.' ಎಂಬಿಬಿಎಸ್ ಮೊದಲ ದಿನ 'ಹೆಣ ಕೊಯ್ದಿರೋರು ಕೈ ಎತ್ತಿ' ಅಂತ ಕೇಳ್ತಾರಾ? ಸಿವಿಲ್ ಮೊದಲ ದಿನ 'ಮನೆ ಕಟ್ಟಿರೋರು ಕೈ ಎತ್ತಿ, ಉಳಿದೋರು ಫ್ರೆಂಡ್ಸ್ ಹತ್ರ ಕೇಳ್ಕೊಳ್ಳಿ' ಅಂತಾರಾ? ಕಂಪ್ಯೂಟರ್ ಸೈನ್ಸ್ ಒಂದರಲ್ಲೇ ಈ ವಿಚಿತ್ರ. ಕಲಿಸುವುದಕ್ಕೇ ಅಂತ ಫೀಸು ತೆಗೆದುಕೊಂಡವರು, ಕಲಿತು ಬಂದಿಲ್ಲ ಅಂತ ಕಲಿಯಲು ಬಂದವನನ್ನು ಬೈಯುತ್ತಾರೆ. ಸಿಲಬಸ್ಸಿನಲ್ಲಿ ಮೊದಲ ವರ್ಷಕ್ಕೆ ಸಿ ಪ್ರೋಗ್ರಾಮಿಂಗ್ ಇಟ್ಟಿರುವುದು ಅದು ಯಾರಿಗೂ ಗೊತ್ತಿರಬೇಕಾಗಿಲ್ಲ ಅಂತಲೇ ಅಲ್ಲವಾ?

ಆ ವಾಕ್ಯ ಎರಡು ಕೆಲಸ ಮಾಡುತ್ತದೆ. ಕ್ಲಾಸ್‌ರೂಮಿನೊಳಗೆ ಅದು ಮೇಷ್ಟ್ರ ಜವಾಬ್ದಾರಿಯನ್ನು ಇಳಿಸುತ್ತದೆ. ಹೊರಗೆ ಅದು ಇನ್‌ಸ್ಟಿಟ್ಯೂಟುಗಳ ಬಂಡವಾಳ. ರಿಸಲ್ಟ್ ಬಂದ ಮಾರನೇ ದಿನವೇ ಹುಡುಗನ ಅಪ್ಪನ ನಂಬರ್ ಇವರ ಕೈಗೆ ಹೇಗೆ ಸಿಗುತ್ತದೋ ದೇವರೇ ಬಲ್ಲ. ಮಾರುವುದು ಪೈಥಾನ್ ಅಲ್ಲ. ಪೈಥಾನ್ ಪುಕ್ಕಟೆ, 1991ರಿಂದಲೂ ಪುಕ್ಕಟೆ. ಇವರು ಮಾರುವುದು ಭಯ. 45 ದಿನದಲ್ಲಿ ಪೈಥಾನು, ಜಾವಾ, ಎಐ ಎಲ್ಲ ಕಲಿಸುತ್ತೇವೆ ಅನ್ನುವುದು, 45 ದಿನದಲ್ಲಿ ವೀಣೆ, ಮೃದಂಗ, ಭರತನಾಟ್ಯ ಮೂರೂ ಕಲಿಸುತ್ತೇವೆ ಅಂದಂತೆ. ಕೊನೆಗೆ ಸಿಗುವುದು ಒಂದು ಬಣ್ಣದ ಸರ್ಟಿಫಿಕೇಟು. ನಾನೂ ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಕೂರುತ್ತೇನೆ. ಅಂಥ ಸರ್ಟಿಫಿಕೇಟನ್ನು ತಿರುಗಿಸಿಯೂ ನೋಡಿಲ್ಲ.

"ಆದ್ರೆ ಮೊದಲೇ ಗೊತ್ತಿದ್ರೆ ಒಳ್ಳೇದಲ್ವಾ?" ಅಂತೀರಿ. ಒಳ್ಳೇದೇ. ಗೊತ್ತಿದ್ದವನಿಗೆ ಮೊದಲ ತಿಂಗಳು ಹಗುರ. ಅದರಲ್ಲಿ ವಾದವೇ ಇಲ್ಲ. ನನ್ನ ತಕರಾರು ಪರಿಚಯವನ್ನು ಪ್ರತಿಭೆ ಅಂತ ತಪ್ಪಾಗಿ ಓದುವುದರ ಬಗ್ಗೆ. ಕೈ ಎತ್ತಿದವರಿಗೆ ಒಂದು ಒಳ್ಳೆಯ ಕಾಂಬಿನೇಷನ್ನು ಸಿಕ್ಕಿತ್ತು, ಕೆಲವರ ಮನೆಯಲ್ಲಿ ಕಂಪ್ಯೂಟರ್ ಇತ್ತು. ಎತ್ತದವರಿಗೆ ಸಿಕ್ಕಿರಲಿಲ್ಲ, ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಇದು ನನ್ನೊಬ್ಬನ ಗೊಣಗಾಟ ಅಂದುಕೊಳ್ಳಬೇಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸಿಗೆ ಸೇರಿದವರಲ್ಲಿ ಹುಡುಗಿಯರು ನೂರಕ್ಕೆ 7 ಮಾತ್ರ. ಜೇನ್ ಮಾರ್ಗೊಲಿಸ್ ಮತ್ತು ಆಲನ್ ಫಿಶರ್ ಅನ್ನುವ ಇಬ್ಬರು ಅಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ಗೊತ್ತಾಗಿದ್ದೇನು? ಹುಡುಗರು ಚಿಕ್ಕಂದಿನಿಂದ ಮನೆಯ ಕಂಪ್ಯೂಟರ್ ಬಿಚ್ಚಿ ಆಡಿ ಬಂದವರು. ಹುಡುಗಿಯರಿಗೆ ಆ ಅವಕಾಶ ಕಡಿಮೆ. ಕ್ಲಾಸಿಗೆ ಬಂದು ನೋಡಿದರೆ ಪಕ್ಕದವನಿಗೆ ಎಲ್ಲ ಗೊತ್ತು, ತಾನೇ ದಡ್ಡಿ ಅನ್ನಿಸಿ ಬಿಟ್ಟುಹೋಗುತ್ತಿದ್ದರು. ವಿಶ್ವವಿದ್ಯಾಲಯ ಪ್ರವೇಶದಲ್ಲಿ ಹಿಂದಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕ ಇಳಿಸಿತು, ಗೊತ್ತಿಲ್ಲದವರಿಗೆ ಬೇರೆ ಆರಂಭದ ಕೋರ್ಸುಗಳನ್ನು ಇಟ್ಟಿತು. 2000ಕ್ಕೆ ಆ 7 ಅನ್ನುವುದು 42 ಆಯಿತು.

ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನವರು ಮಾಡಿದ್ದು ಇನ್ನೂ ಸರಳ. 2006ರಲ್ಲಿ ಮೊದಲ ಕೋರ್ಸನ್ನು ಎರಡು ಮಾಡಿದರು. ಪ್ರೋಗ್ರಾಮಿಂಗ್ ಮುಟ್ಟಿಯೇ ಇಲ್ಲದವರಿಗೆ 'ಗೋಲ್ಡ್', ಸ್ವಲ್ಪ ಗೊತ್ತಿರುವವರಿಗೆ 'ಬ್ಲ್ಯಾಕ್'. ಎರಡೂ ಅವರ ಕಾಲೇಜಿನ ಬಣ್ಣಗಳೇ. ಒಂದನ್ನು ಮೇಲು, ಇನ್ನೊಂದನ್ನು ಕೀಳು ಅನ್ನುವ ಹಾಗಿಲ್ಲ. ಜಾವಾ ಬಿಟ್ಟು ಪೈಥಾನ್ ಹಿಡಿದರು. ಗೊತ್ತಿರುವವನು ಗೊತ್ತಿಲ್ಲದವನ ಮುಂದೆ ಬಡಾಯಿ ಕೊಚ್ಚುವುದು ತಾನಾಗಿ ನಿಂತಿತು. ಕಂಪ್ಯೂಟರ್ ಸೈನ್ಸ್ ಆಯ್ದುಕೊಂಡ ಹುಡುಗಿಯರ ಪ್ರಮಾಣ ಶೇ. 10ರ ಆಸುಪಾಸಿನಿಂದ ಕೆಲವೇ ವರ್ಷಗಳಲ್ಲಿ ಶೇ. 40ರ ಹತ್ತಿರ ಬಂತು.

ಅಲ್ಲಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದವರು ಹುಡುಗಿಯರು. ನಮ್ಮಲ್ಲಿ ಆ ಕುರ್ಚಿಯಲ್ಲಿ ಕೂರುವವರು ಕನ್ನಡ ಮೀಡಿಯಂನವರು, ಪಿಸಿಎಂಬಿಯವರು, ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಿಂದ ಬಂದವರು. ಮದ್ದು ಮಾತ್ರ ಒಂದೇ. ಕೈ ಎತ್ತದವರಿಂದ ಪಾಠ ಶುರು ಮಾಡಿ. ಮೊದಲ ಆರು ವಾರ ಕೀಬೋರ್ಡ್ ಬಾರದವನ ಕೈಗೆ ಕೊಡಿ. ಬಾಯಿಪಾಠದ ಪಟ್ಟಿ ಹರಿದು ಹಾಕಿ, ಲ್ಯಾಬ್ ಪರೀಕ್ಷೆಯಲ್ಲಿ ತಪ್ಪಿರುವ ಪ್ರೋಗ್ರಾಮ್ ಕೊಟ್ಟು ಸರಿಮಾಡಿಸಿ. ಮತ್ತೆ, ಲೂಪ್ ಅಂದರೆ ಏನು ಅಂತ ಒಮ್ಮೆ ಕನ್ನಡದಲ್ಲಿ ಹೇಳಿ. ಏನು ಗಂಟು ಹೋಗುತ್ತೆ? ಸಿ ಭಾಷೆಯ ಮೂಲ ಕೀವರ್ಡುಗಳು ಒಟ್ಟು 32. ಪಿಯುಸಿ ಬಯಾಲಜಿಯಲ್ಲಿ ಗಿಡಗಳ ಲ್ಯಾಟಿನ್ ಹೆಸರನ್ನೆಲ್ಲ ಉರು ಹೊಡೆದು ಬಂದ ಹುಡುಗನಿಗೆ 32 ಇಂಗ್ಲಿಷ್ ಪದ ಒಂದು ಲೆಕ್ಕವಾ? ಅವನನ್ನು ಹೆದರಿಸುವುದು ಆ 32 ಪದಗಳಲ್ಲ, ಅವುಗಳ ಸುತ್ತ ನಾವು ಆಡುವ ಇಂಗ್ಲಿಷ್ ಠೀವಿ.

ನಾವು ಅಂದೆ. ಹೌದು, ನಾವೂ ಇದರಲ್ಲಿ ಪಾಲುದಾರರು. ನೆಂಟರ ಹುಡುಗ ಫೋನ್ ಮಾಡಿದರೆ ಏನು ಹೇಳುತ್ತೇವೆ? "ಡೇಟಾ ಸ್ಟ್ರಕ್ಚರ್ಸ್ ನೋಡ್ಕೋ, ಲೀಟ್‌ಕೋಡ್ ಶುರು ಮಾಡು, ಗಿಟ್‌ಹಬ್ ಪ್ರೊಫೈಲ್ ಇರ್ಲಿ." ಅವನಿಗೆ ಒಂದು ಪದವೂ ಅರ್ಥವಾಗಿರುವುದಿಲ್ಲ. "ಸರಿ ಮಾಮ" ಅಂತ ಫೋನ್ ಇಟ್ಟು ಇನ್‌ಸ್ಟಿಟ್ಯೂಟಿಗೆ ಹೋಗುತ್ತಾನೆ. ಹತ್ತು ನಿಮಿಷ ಉಳಿಸಿಕೊಳ್ಳೋಕೆ ನಾವು ಅವನನ್ನು ಅಲ್ಲಿಗೆ ಅಟ್ಟಿರುತ್ತೇವೆ. ಇನ್ನು ಕೆಲವರು "ನಾವೂ ಹಾಗೇ ಒದ್ದಾಡಿ ಕಲೀಲಿಲ್ವಾ" ಅನ್ನುತ್ತಾರೆ. ಕಲಿತು ಉಳಿದವರು ಆ ಮಾತು ಹೇಳೋಕೆ ಇವತ್ತು ಇಲ್ಲಿದ್ದೇವೆ. ಬಿಟ್ಟುಹೋದವರನ್ನು ಯಾರು ಕೇಳಿದರು?

ಸರಿ, ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟು. "ನೋಡು, ಕಾಲೇಜಿಗೆ ಇನ್ನೂ ಎರಡು ತಿಂಗಳಿದೆ. ದಿನಕ್ಕೆ ಒಂದು ಗಂಟೆ ಸಾಕು, ಬಾಕಿ ಹೊತ್ತು ಕ್ರಿಕೆಟ್ ಆಡು. ಮೊದಲು ನೋಡಿಕೊಳ್ಳದೆ ಟೈಪ್ ಮಾಡೋದು ಕಲಿ. ಫೈಲು, ಫೋಲ್ಡರು ಅಂದ್ರೇನು, ಎಲ್ಲಿ ಸೇವ್ ಆಗುತ್ತೆ, ಅದು ಕಲಿ. ಪೈಥಾನ್ ಒಂದೇ ಸಾಕು. ಡಬ್ಬಿಗೆ ಬೆಲೆ ತುಂಬೋದು, 'ಹೀಗಾದ್ರೆ ಹಾಗೆ ಮಾಡು' ಅನ್ನೋದು, ಒಂದೇ ಕೆಲಸ ಮತ್ತೆ ಮತ್ತೆ ಮಾಡ್ಸೋದು, ಒಂದು ಪಟ್ಟಿ ಇಟ್ಕೊಳ್ಳೋದು, ಕೆಲಸಕ್ಕೆ ಹೆಸರು ಕೊಟ್ಟು ಕರೆಯೋದು. ಈ ಐದು. ಇದಕ್ಕಿಂತ ಮುಂದೆ ಹೋಗ್ಬೇಡ. ಕೆಂಪಕ್ಷರದಲ್ಲಿ ಎರರ್ ಬಂದ್ರೆ ಕಿಟಕಿ ಮುಚ್ಬೇಡ, ಕೊನೇ ಸಾಲು ಓದು. ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಲ್ಲಿ ಬರ್ದಿಡು."

ಪಾಠಕ್ಕೆ? ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳಿವೆ. ಹಾರ್ವರ್ಡಿನ ಸಿಎಸ್50 ಇದೆ. ಕನ್ನಡದಲ್ಲೇ ಹೇಳಿಕೊಡುವ ಯೂಟ್ಯೂಬ್ ವಿಡಿಯೋಗಳಿವೆ. ನೋಡೋಕೆ ಒಂದಕ್ಕೂ ದುಡ್ಡು ಕೊಡಬೇಕಿಲ್ಲ.

"ಚಾಟ್‌ಜಿಪಿಟಿನೇ ಬರ್ಕೊಡುತ್ತಲ್ಲ ಮಾಮ?" ಅಂದ. ನ್ಯಾಯವಾದ ಪ್ರಶ್ನೆ. 2022ರ ನವೆಂಬರಿನಿಂದ ನಮ್ಮ ಆಫೀಸಿನಲ್ಲೂ ಅದೇ ಪ್ರಶ್ನೆ. "ಎರರ್ ಅರ್ಥ ಆಗ್ದಿದ್ರೆ ಅದನ್ನ ಕೇಳು, ಕನ್ನಡದಲ್ಲೇ ಕೇಳು. ಆದ್ರೆ ಪ್ರೋಗ್ರಾಮ್ ನೀನೇ ಬರಿ. ಬೇರೆಯೋರು ಸೈಕಲ್ ಹೊಡೆದ್ರೆ ನಿನಗೆ ಬ್ಯಾಲೆನ್ಸ್ ಬರಲ್ಲ."

ಮೊದಲ ಪಾಠವಾಗಿ ಒಂದು ತಮಾಷೆ ಮಾಡಿಸಿದೆ. 'ಕನ್ನಡ' ಅನ್ನೋ ಪದದಲ್ಲಿ ಎಷ್ಟು ಅಕ್ಷರ ಅಂತ ಪೈಥಾನ್‌ನ 'ಲೆನ್' ಆಜ್ಞೆಯಿಂದ ಕೇಳಿಸಿದೆ. ನಮ್ಮ ಲೆಕ್ಕದಲ್ಲಿ ಮೂರು. ಅದು 5 ಅಂದಿತು. "ತಪ್ಪು ಹೇಳ್ತಿದೆ ಮಾಮ!" ತಪ್ಪಲ್ಲ. ಒತ್ತಕ್ಷರ ಒಡೆದು ನೋಡು: ಕ, ನ, ಆಮೇಲೆ ಸ್ವರ ಕೊಲ್ಲುವ ಒಂದು ಚಿಹ್ನೆ, ಇನ್ನೊಂದು ನ, ಡ. ಐದು. ಕಂಪ್ಯೂಟರ್ ನಾವು ಹೇಳಿದ್ದನ್ನು ಎಣಿಸುತ್ತೆ, ನಾವು ಅಂದುಕೊಂಡಿದ್ದನ್ನಲ್ಲ. ಇದು ಗೊತ್ತಾದರೆ ಬೇಸಿಕ್ಸಿನಲ್ಲಿ ಅರ್ಧ ಮುಗಿಯಿತು. 25 ಸಾವಿರ ಉಳಿಯಿತು.

ಮೂರನೇ ವಾರಕ್ಕೆ ಒಂದು ಕೆಲಸ ಕೊಟ್ಟೆ. "ನಿಮ್ಮಮ್ಮ ಡೇರಿಗೆ ಹಾಲು ಹಾಕ್ತಾಳಲ್ಲ, ಆ ಬಟವಾಡೆ ಲೆಕ್ಕಕ್ಕೆ ಒಂದು ಪ್ರೋಗ್ರಾಮ್ ಬರಿ. ಬೆಳಿಗ್ಗೆ ಎಷ್ಟು ಲೀಟರ್, ಸಾಯಂಕಾಲ ಎಷ್ಟು, ರೇಟು ಎಷ್ಟು, 15 ದಿನಕ್ಕೆ ಒಟ್ಟು ಎಷ್ಟು." ನಾಲ್ಕು ದಿನ ಸದ್ದಿಲ್ಲ. ಐದನೇ ದಿನ ರಾತ್ರಿ ಅಕ್ಕನ ಫೋನು.

"ಏನೋ, ನಿನ್ನ ಕಂಪ್ಯೂಟರು ಡೇರಿ ಸೆಕ್ರೆಟರಿಗಿಂತ ಕಡೆಯಾಯ್ತಲ್ಲೋ. ಚೀಟಿ ಇಟ್ಕೊಂಡು ತಾಳೆ ನೋಡ್ದೆ. ಒಂದು ದಿನದ ಹಾಲೇ ಇಲ್ಲ!"

ನಗು ತಡೆಯಲಾಗಲಿಲ್ಲ. ಹುಡುಗ ಪೈಥಾನಿಗೆ 1ರಿಂದ 15ರವರೆಗೆ ಎಣಿಸು ಅಂದಿದ್ದ. ಪೈಥಾನ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ, 14ಕ್ಕೇ ನಿಲ್ಲುತ್ತದೆ. ಇಪ್ಪತ್ತು ವರ್ಷ ಅನುಭವ ಇರುವ ನಾವೂ ವಾರಕ್ಕೊಮ್ಮೆ ಮಾಡುವ ತಪ್ಪು ಅದು. ಏಳನೇ ಕ್ಲಾಸು ಓದಿದ ಅಕ್ಕ ಚೀಟಿ ಹಿಡಿದು ಅದನ್ನು ಪತ್ತೆ ಹಚ್ಚಿದ್ದಳು. ನಮ್ಮ ಕಂಪನಿಗಳಲ್ಲಿ ಈ ಕೆಲಸಕ್ಕೆ ಟೆಸ್ಟಿಂಗ್ ಅಂತ ಹೆಸರಿಟ್ಟು ಸಂಬಳ ಕೊಡುತ್ತಾರೆ.

ಹುಡುಗ 15ನ್ನು 16 ಮಾಡಿದ. ಲೆಕ್ಕ ತಾಳೆಯಾಯಿತು. ಹಸು ಇನ್ನೂ ಕೊಟ್ಟಿಗೆಯಲ್ಲೇ ಇದೆ.

ಮುಂದಿನ ತಿಂಗಳು ಅವನು ಕಾಲೇಜಿಗೆ ಹೋಗುತ್ತಾನೆ. ಮೊದಲ ಕ್ಲಾಸಲ್ಲಿ ಯಾರಾದರೂ "ಗೊತ್ತಿರೋರು ಕೈ ಎತ್ತಿ" ಅಂದರೆ ಎತ್ತಬೇಡ ಅಂತ ಹೇಳಿದ್ದೀನಿ. ಪಕ್ಕದವನು ಎಕ್ಸ್ ಪ್ಲಸ್ ಒನ್ ಬಗ್ಗೆ ಎದ್ದು ಕೇಳಿದರೆ ನಗಬೇಡ ಅಂತಲೂ ಹೇಳಿದ್ದೀನಿ. ನಿಮಗೂ ಈ ಸೀಸನ್ನಿನಲ್ಲಿ ಒಂದು ಫೋನ್ ಬಂದೇ ಬರುತ್ತದೆ. ಮೀಟಿಂಗ್ ಇದೆ ಅಂತ ಕಟ್ ಮಾಡಬೇಡಿ. ಹತ್ತು ನಿಮಿಷ ಕೊಡಿ, ಸಾಸಿವೆ ಡಬ್ಬಿಯಿಂದ ಶುರು ಮಾಡಿ.